ಸಾಲುಹುಣಸೆ ಕ್ರಾಸಿನ ವಾಹನ ಗಣತಿ

ಕೊರೊನಾ ಕಾಟ ಮುಗಿದು ಕಚೇರಿಗಳಲ್ಲಿ ಮತ್ತೆ ಜನ ಓಡಾಡತೊಡಗಿದ ವರ್ಷ ನನ್ನನ್ನು ಹೊನ್ನಾಳಿ ಮತ್ತು ನ್ಯಾಮತಿ ಭಾಗದ ರಸ್ತೆಗಳಿಗೆ ಕಾರ್ಯಪಾಲಕ ಇಂಜಿನಿಯರ್ ಆಗಿ ಹಾಕಿದರು. ನಿವೃತ್ತಿ ಹತ್ತಿರದಲ್ಲೇ ಇತ್ತು. ಕೊನೆಗಾಲದಲ್ಲಿ ಒಂದು ದೊಡ್ಡ ಕೆಲಸ ಮಾಡಿ ಹೋಗಬೇಕು ಎಂಬ ಆಸೆ ಎಲ್ಲ ಇಂಜಿನಿಯರುಗಳಿಗೂ ಇರುತ್ತದೆ, ನನಗೂ ಇತ್ತು. ಜಗಳೂರಿನ ಬಿಸಿಲಲ್ಲಿ ಬೆಳೆದವಳು ನಾನು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಕೈಕೆಳಗಿನವರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ ಬಿಡಿ. ಆದರೆ ಸಾಲುಹುಣಸೆ ಕ್ರಾಸಿನಲ್ಲಿ ಸಿಟ್ಟಾದಷ್ಟು ನನ್ನ ಇಡೀ ಸರ್ವೀಸಿನಲ್ಲಿ ಇನ್ನೆಲ್ಲೂ ಆಗಿರಲಿಲ್ಲ.

ಕ್ರಾಸು ಅಂದರೆ ಹೀಗೆ. ಶಿವಮೊಗ್ಗ ಕಡೆಯಿಂದ ಹೊನ್ನಾಳಿಗೆ ಹೋಗುವ ಹೆದ್ದಾರಿಯ ಒಂದು ಪಕ್ಕಕ್ಕೆ ಸಾಲುಹುಣಸೆ, ಇನ್ನೊಂದು ಪಕ್ಕಕ್ಕೆ ಕೆಂಗಟ್ಟೆ. ಒಂದು ಕಾಲಕ್ಕೆ ಎರಡೂ ಒಂದೇ ತಾಲ್ಲೂಕಿನ ಊರುಗಳು. ನ್ಯಾಮತಿ ಬೇರೆ ತಾಲ್ಲೂಕಾದ ಮೇಲೆ ಕೆಂಗಟ್ಟೆ ಅತ್ತ ಹೋಯಿತು, ಸಾಲುಹುಣಸೆ ಹೊನ್ನಾಳಿಯಲ್ಲೇ ಉಳಿಯಿತು. ಎರಡೂ ಊರನ್ನು ಕೂಡಿಸುವ ರಸ್ತೆ ಹೆದ್ದಾರಿಯನ್ನು ಅಡ್ಡ ಹಾಯುತ್ತದೆ. ಚನ್ನಗಿರಿ, ಉಬ್ರಾಣಿ ಕಡೆಯಿಂದ ಹೊಳೆ ದಾಟಿ ಬರುವ ಅಡಿಕೆ ಲಾರಿ, ಮೆಕ್ಕೆಜೋಳದ ಲಾರಿ, ಸೂರಗೊಂಡನಕೊಪ್ಪಕ್ಕೆ ಹೋಗುವ ಭಕ್ತರ ಗಾಡಿಗಳು ಎಲ್ಲವೂ ಈ ಅಡ್ಡರಸ್ತೆಗೆ ಅಲ್ಲಿಯೇ ತಿರುಗಬೇಕು. ಹೆದ್ದಾರಿ ಅಗಲ ಮಾಡಿ ನುಣುಪಾಗಿ ಡಾಂಬರು ಹಾಕಿದ್ದೇ ತಡ, ಅಲ್ಲಿ ಬರುವ ವಾಹನಗಳಿಗೆ ರೆಕ್ಕೆ ಬಂದವು.

ಸಾಲುಹುಣಸೆಯ ಹೆಂಗಸರು ಬೆಳಗಾಗುವ ಮುಂಚೆ ಒಂದು ಸಲ, ಕತ್ತಲಾಗುವ ಹೊತ್ತಿಗೆ ಇನ್ನೊಂದು ಸಲ ಹಾಲಿನ ಕ್ಯಾನು ಹಿಡಿದು ಈ ಹೆದ್ದಾರಿ ದಾಟುತ್ತಿದ್ದರು. ಎರಡೂ ಊರಿಗೆ ಸೇರಿದ ಮಹಿಳಾ ಡೇರಿ ಇದ್ದದ್ದು ಕೆಂಗಟ್ಟೆ ಕಡೆ. ಸಾಲುಹುಣಸೆಯಲ್ಲೇ ಇನ್ನೊಂದು ಡೇರಿ ಕೊಡಿ ಎಂದು ಕೇಳಿದರೆ, ಆ ಊರಿನ ಹಾಲು ಒಂದು ಪ್ರತ್ಯೇಕ ಸಂಘಕ್ಕೆ ಸಾಲುವಷ್ಟಿಲ್ಲ ಎಂಬ ಉತ್ತರ ಬಂದಿತ್ತು. ಡೇರಿಯ ಕಾರ್ಯದರ್ಶಿ ಗಿರಿಜಮ್ಮ ಸಾಲುಹುಣಸೆಯವಳೇ. ನಾನು ಬರುವ ಹಿಂದಿನ ವರ್ಷ ಅವಳ ವಾರಗಿತ್ತಿ ಶಾಂತಮ್ಮ ಹಾಲು ಹಾಕಿ ವಾಪಸು ಬರುವಾಗ ಇದೇ ಕ್ರಾಸಿನಲ್ಲಿ ಲಾರಿಗೆ ಸಿಕ್ಕಿ ಸತ್ತಿದ್ದಳು. ಗಿರಿಜಮ್ಮ ನನ್ನ ಕಚೇರಿಗೆ ಮೊದಲ ಸಲ ಬಂದಾಗ ಕೂರಲೂ ಇಲ್ಲ.

"ನಮಗೆ ದೊಡ್ಡದು ಸಣ್ಣದು ಗೊತ್ತಿಲ್ರೀ ಮೇಡಂ. ಇನ್ನೊಂದು ಹೆಣ ಬೀಳೋದ್ರೊಳಗೆ ದಾಟಾಕೆ ಒಂದು ದಾರಿ ಮಾಡಿಕೊಡ್ರಿ" ಎಂದಳು.

ಹೆದ್ದಾರಿ ಮೇಲೆ ಹಂಪ್ ಹಾಕಲು ನಿಯಮ ಬಿಡುವುದಿಲ್ಲ. ರಸ್ತೆಯ ಮೇಲೆ ಗಡಗಡ ಎನ್ನುವ ಬಿಳಿ ಪಟ್ಟಿ ಬಳಿಸಿದೆವು, ಎಚ್ಚರಿಕೆಯ ಫಲಕ ನೆಟ್ಟೆವು. ಲಾರಿಗಳು ಅದನ್ನು ಕ್ಯಾರೇ ಅನ್ನಲಿಲ್ಲ. ಪಾದಚಾರಿಗಳಿಗೆ ಒಂದು ಸಣ್ಣ ಅಂಡರ್‌ಪಾಸ್ ಕೇಳಿದೆ. ಆ ಸ್ಥಳದಲ್ಲಿ ಇಂಟರ್‌ಚೇಂಜ್ ಪ್ರಸ್ತಾವನೆ ಪರಿಶೀಲನೆಯಲ್ಲಿದೆ, ಆದ್ದರಿಂದ ಬಿಡಿ ಕಾಮಗಾರಿ ಕೊಡಲಾಗದು ಎಂದು ಮೇಲಿನ ಕಚೇರಿ ಬರೆಯಿತು. ಇಂಟರ್‌ಚೇಂಜ್ ಅಂದರೆ ಒಂದು ರಸ್ತೆ ಮೇಲೆ, ಇನ್ನೊಂದು ಕೆಳಗೆ, ಒಂದರಿಂದ ಇನ್ನೊಂದಕ್ಕೆ ಹತ್ತಿಳಿಯಲು ಇಳಿಜಾರು ದಾರಿಗಳು. ಯಾರೂ ಯಾರಿಗೂ ಅಡ್ಡ ಬರುವುದಿಲ್ಲ. ನಮ್ಮ ನಕ್ಷೆಯಲ್ಲಿ ಹೆದ್ದಾರಿ ಮೇಲಕ್ಕೆ ಹೋಗಿ, ಹೆಂಗಸರು ಕೆಳಗೆ ನೆರಳಲ್ಲಿ ನಡೆದು ಹೋಗುವಂತೆ ಇತ್ತು. ಚೆಂದದ ನಕ್ಷೆ. ಅದು ಬರುವವರೆಗೆ ಸಣ್ಣದೂ ಇಲ್ಲ ಅಂದರೆ ಏನು ಹೇಳೋಣ!

ಇನ್ನು ಹಣದ ಮಾತು. ಇಷ್ಟು ದೊಡ್ಡ ಕೆಲಸಕ್ಕೆ ಒಂದೇ ಜೇಬಿನಿಂದ ದುಡ್ಡು ಬರುವುದಿಲ್ಲ. ಕೇಂದ್ರದ ನಿಧಿಯಿಂದ ದೊಡ್ಡ ಪಾಲು, ರಾಜ್ಯದಿಂದ ಒಂದು ಪಾಲು, ಜಾಗದ ಹೊಣೆ ಸ್ಥಳೀಯವಾಗಿ. ಕೇಂದ್ರದವರು ರಾಜ್ಯದ ಒಪ್ಪಿಗೆ ಮೊದಲು ತನ್ನಿ ಎನ್ನುತ್ತಿದ್ದರು, ರಾಜ್ಯದವರು ಕೇಂದ್ರದ ಒಪ್ಪಿಗೆ ತನ್ನಿ ಎನ್ನುತ್ತಿದ್ದರು. ಇಬ್ಬರ ಮಧ್ಯೆ ನನ್ನ ಚಪ್ಪಲಿ ಸವೆಯಿತು. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು. ಗಣತಿ ಮಾಡಿಸಿ, ವಾಹನ ಸಂಖ್ಯೆ ಮಿತಿ ದಾಟಿದರೆ ದುಡ್ಡು.

ಈ ಗಣತಿಯನ್ನು ಸ್ವಲ್ಪ ವಿವರಿಸಬೇಕು. ಏಳು ದಿನ ಹಗಲೂ ರಾತ್ರಿ ಕ್ರಾಸಿನಲ್ಲಿ ಜನ ಕೂತು ಹಾದುಹೋಗುವ ಪ್ರತಿ ವಾಹನ ಎಣಿಸುತ್ತಾರೆ. ಎಲ್ಲ ವಾಹನವೂ ಒಂದೇ ಲೆಕ್ಕವಲ್ಲ. ಒಂದು ಕಾರು ಅಂದರೆ ಒಂದು. ಲಾರಿ ಅಂದರೆ ಕೆಲವು ಕಾರಿಗೆ ಸಮ. ಸೈಕಲ್ಲಿಗೂ ಅರ್ಧ ಸಿಗುತ್ತದೆ. ಎತ್ತಿನ ಗಾಡಿ ನಿಧಾನ ಹೋಗಿ ಜಾಗ ತಿನ್ನುವುದರಿಂದ ಅದರ ಲೆಕ್ಕ ಲಾರಿಗಿಂತ ಹೆಚ್ಚು. ಹೀಗೆ ಎಲ್ಲವನ್ನೂ ಕಾರಿಗೆ ಇಳಿಸಿ ಬರುವ ಸಂಖ್ಯೆಗೆ ಪಿಸಿಯು ಎನ್ನುತ್ತೇವೆ. ನಮ್ಮ ಕ್ರಾಸಿನಲ್ಲಿ ಬೇಸಿಗೆಯಲ್ಲಿ ಎಣಿಸಿದರೆ ಆ ಮಿತಿಯ ಹತ್ತಿರವೂ ಬರುವುದಿಲ್ಲ. ಅಡಿಕೆ, ಮೆಕ್ಕೆಜೋಳದ ಲಾರಿ ಓಡಾಡುವ ಸುಗ್ಗಿಯಲ್ಲಿ ಎಣಿಸಿದರೆ ಮಾತ್ರ ದಾಟುತ್ತದೆ. ಸುಗ್ಗಿಯಲ್ಲೇ ಮಾಡಿಸೋಣ ಎಂದುಕೊಂಡೆ. ಅಲ್ಲೇ ಇತ್ತು ಕಗ್ಗಂಟು.

ಸುಗ್ಗಿ ಬಂತೆಂದರೆ ಎರಡೂ ಊರಿನವರು ಮೆಕ್ಕೆಜೋಳ ಒಣಹಾಕುವುದು ನನ್ನ ರಸ್ತೆಯ ಮೇಲೆ! ಅಡ್ಡರಸ್ತೆಯ ಅರ್ಧ ಭಾಗ, ಹೆದ್ದಾರಿಯ ಒಂದು ಅಂಚು, ಎಲ್ಲ ಹಳದಿ. ಗಾಡಿ ಹತ್ತದಿರಲಿ ಎಂದು ಸುತ್ತ ಕಲ್ಲು ಇಡುತ್ತಾರೆ. ಸಂಜೆ ರಾಶಿ ಮಾಡಿ ತಾಡಪಾಲು ಹೊದಿಸುತ್ತಾರೆ, ಬೆಳಿಗ್ಗೆ ಮತ್ತೆ ಹರವುತ್ತಾರೆ. ಬೈಕಿನವರು ಜಾರಿ ಬಿದ್ದದ್ದಕ್ಕೆ ನಾನೇ ಎಷ್ಟೋ ಸಲ ನೋಟಿಸು ಕೊಟ್ಟಿದ್ದೆ. ಲಾರಿಯವರು ಈ ರಂಪಾಟವೇ ಬೇಡ ಎಂದು ಸುಗ್ಗಿಯ ತಿಂಗಳಲ್ಲಿ ನಾಲೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದರು. ಕ್ರಾಸಿನಲ್ಲಿ ಎಣಿಸಲು ಲಾರಿಯೇ ಇರುತ್ತಿರಲಿಲ್ಲ.

ಎರಡೂ ಊರಿನವರನ್ನು ಕೆಂಗಟ್ಟೆಯ ಶಾಲೆಯಲ್ಲಿ ಸೇರಿಸಿದೆ. ಒಂದು ವಾರ ರಸ್ತೆ ಖಾಲಿ ಮಾಡಿಕೊಡಿ, ಇಂಟರ್‌ಚೇಂಜ್ ನಿಮ್ಮದು ಎಂದೆ. ಎಲ್ಲರೂ ತಲೆಯಾಡಿಸಿದರು. ಯಾರೂ ಎತ್ತುತ್ತೇನೆ ಎನ್ನಲಿಲ್ಲ. ಆಮೇಲೆ ಕೆಂಗಟ್ಟೆಯ ಹಿರಿಯ ಬಸವರಾಜಪ್ಪನವರು ಎದ್ದು ನಿಂತರು.

"ನೀವು ಹೇಳೋದು ಸರಿ ಐತ್ರೀ ಮೇಡಂ. ಆದ್ರೆ ನಾನು ವಾರ ಜಾಗ ಖಾಲಿ ಬಿಟ್ರೆ ನಮ್ಮ ದಾಯಾದಿ ಬಂದು ಹರವ್ತಾನೆ. ಆಮೇಲೆ ಅವನ್ನ ಬಿಡಿಸಾಕೆ ನೀವು ಬರ್ತೀರಾ?"

ನನಗೆ ಅರ್ಥವಾಗಲಿಲ್ಲ. ಕೇಳುತ್ತ ಹೋದಂತೆ ತಲೆ ಗಿರ್ರೆಂದಿತು. ರಸ್ತೆಯ ಮೇಲೆ ಒಂದೊಂದು ಮನೆಗೂ ಒಂದೊಂದು ಹರವುವ ಜಾಗವಂತೆ. ಅಪ್ಪನ ಕಾಲದಿಂದ ಬಂದದ್ದಂತೆ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ, ಮನೆ, ದನದ ಜೊತೆಗೆ ರಸ್ತೆಯ ಮೇಲಿನ ಜಾಗವನ್ನೂ ಪಾಲು ಮಾಡಿಕೊಂಡಿದ್ದರು. ಹುಣಸೆಮರದಿಂದ ಮೋರಿಯವರೆಗೆ ದೊಡ್ಡವನಿಗೆ, ಮೋರಿಯಿಂದ ಕಿಲೋಮೀಟರ್ ಕಲ್ಲಿನವರೆಗೆ ಚಿಕ್ಕವನಿಗೆ. ನಮ್ಮ ಇಲಾಖೆ ನೆಟ್ಟ ಕಿಲೋಮೀಟರ್ ಕಲ್ಲು ಇವರ ಪಾಲಿನ ಗಡಿಕಲ್ಲು! ಯಾರಾದರೂ ಒಂದು ಸುಗ್ಗಿ ಬಿಟ್ಟರೆ ಪಕ್ಕದವನು ಸರಿದು ಬರುತ್ತಾನೆ, ಆಮೇಲೆ ಅದು ಅವನದೇ.

"ಅಲ್ಲ ಕಣ್ರೀ, ಅದು ಸರ್ಕಾರದ ರಸ್ತೆ!" ಎಂದು ಕೂಗಿದೆ.

"ರಸ್ತೆ ಸರ್ಕಾರದ್ದೇ ರೀ, ಯಾರು ಇಲ್ಲ ಅಂದ್ರು? ಜಾಗ ನಮ್ಮದು" ಎಂದರು ಬಸವರಾಜಪ್ಪನವರು, ಬಹಳ ಸಮಾಧಾನದಿಂದ.

ಸಭೆಯಲ್ಲಿ ಯಾರೂ ನಗಲಿಲ್ಲ. ಅವರಿಗೆ ಇದರಲ್ಲಿ ತಮಾಷೆಯೇ ಕಾಣಲಿಲ್ಲ. ಕೊನೆಗೆ ಜೋಳ ಬಿಡಿಸುವ ಮಷಿನ್ ಇಟ್ಟುಕೊಂಡು ಎರಡೂ ಊರಿಗೆ ಬೇಕಾದವರಾಗಿದ್ದ ಫಯಾಜ್ ಸಾಹೇಬರು ಒಂದು ದಾರಿ ಹೇಳಿದರು. "ಎಲ್ರೂ ಒಂದೇ ದಿನ, ಒಂದೇ ಹೊತ್ತಿಗೆ ಎತ್ತಿಬಿಡ್ರಿ. ಟ್ರ್ಯಾಕ್ಟರ್ ನಂದು, ಬಾಡಿಗೆ ಬ್ಯಾಡ. ಯಾರೂ ಮೊದಲು ಅಲ್ಲ, ಯಾರೂ ಕೊನೆ ಅಲ್ಲ." ಎಲ್ಲರೂ ಒಪ್ಪಿದರು. ಗಣತಿಯ ಹಿಂದಿನ ದಿನ ಎರಡೂ ಊರು ಸೇರಿ ಜೋಳ ಎತ್ತಿದವು. ಖಾಲಿ ರಸ್ತೆ ನೋಡಿ ನನ್ನ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ.

ಗಣತಿಯ ಎರಡನೇ ದಿನ ಬೆಳಿಗ್ಗೆ ಜೀಪಿನಿಂದ ಇಳಿದೆ. ರಸ್ತೆ ಪೂರ್ತಿ ಹಳದಿ. ಯಾರದೋ ಭಾವಮೈದುನ ಪಕ್ಕದ ಊರಿನಿಂದ ಬಂದು, ಖಾಲಿ ಬಿದ್ದ ಒಂದು ಜಾಗದಲ್ಲಿ ಒಂದೇ ಒಂದು ತಾಡಪಾಲು ಹಾಸಿ ಜೋಳ ಸುರಿದನಂತೆ. ಅದನ್ನು ಕಂಡ ಜಾಗದವರು ಓಡಿ ಬಂದು ಉಳಿದರ್ಧ ಹಿಡಿದರು. ಅವರನ್ನು ನೋಡಿ ಪಕ್ಕದವರು. ಕೆಂಗಟ್ಟೆಯವರು ಹರವಿದ್ದು ನೋಡಿ ಸಾಲುಹುಣಸೆಯವರು. ಅಯ್ಯೋ ಶಿವನೇ! ನಾನು ಅಲ್ಲಿ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಎಲ್ಲರೂ ಮರ್ಯಾದೆಯಿಂದ ನಿಂತು ಕೇಳಿಸಿಕೊಂಡರು. ಯಾರೂ ಒಂದು ಕಾಳು ಎತ್ತಲಿಲ್ಲ. ಗಣತಿ ಏಜೆನ್ಸಿಯವರಿಗೆ ನಿಲ್ಲಿಸುವ ಅಧಿಕಾರವಿಲ್ಲ, ಬಂದದ್ದನ್ನು ಎಣಿಸಿದರು. ಸಂಖ್ಯೆ ಮಿತಿಯಿಂದ ಬಹಳ ಕೆಳಗೆ ನಿಂತಿತು. ಪ್ರಸ್ತಾವನೆ ಸಮರ್ಥನೀಯವಲ್ಲ, ಬೇಕಿದ್ದರೆ ಮುಂದಿನ ವರ್ಷ ಮರುಗಣತಿ ಮಾಡಿಸಿ ಎಂಬ ಉತ್ತರ ಬಂತು.

ಗಿರಿಜಮ್ಮನಿಗೆ ಹೇಳಲು ಡೇರಿಗೆ ಹೋದೆ. ಅವಳು ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ನೋಡುತ್ತಿದ್ದಳು. ತಲೆ ಎತ್ತದೆ, "ನಮ್ಮ ಮನೆಯೋರೂ ಹರವಿದ್ರು ಮೇಡಂ. ನಾನೇ ಜಗಳ ಮಾಡಿದೆ, ಕೇಳಲಿಲ್ಲ. ಸತ್ತೋಳು ಅವರ ತಮ್ಮನ ಹೆಂಡ್ತಿ, ಆದ್ರೂ ಕೇಳಲಿಲ್ಲ" ಎಂದಳು. 

ಆ ಇಡೀ ವರ್ಷ ನಾನು ಒಂದೇ ಹಟ ಹಿಡಿದೆ. ರಸ್ತೆಯಿಂದ ಜೋಳ ಏಳಬೇಕಾದರೆ ಅದಕ್ಕೆ ಬೇರೆ ಕಡೆ ಜಾಗ ಬೇಕು. ಎರಡೂ ಊರಿಗೆ ಕಾಂಕ್ರೀಟಿನ ಒಣಹಾಕುವ ಕಣ ಕಟ್ಟಿಸೋಣ ಎಂದು ಅಂದಾಜುಪಟ್ಟಿಯಲ್ಲಿ ಸೇರಿಸಿದೆ. ರಸ್ತೆ ಕಾಮಗಾರಿಗೂ ಒಣಹಾಕುವ ಕಣಕ್ಕೂ ಏನು ಸಂಬಂಧ ಎಂದು ಆಕ್ಷೇಪಣೆ ಬಂತು. ರಸ್ತೆ ಮಾಡುವಾಗ ಅಡ್ಡ ಬರುವ ಕರೆಂಟಿನ ಕಂಬ, ನೀರಿನ ಪೈಪುಗಳನ್ನು ಸರಿಸಲು ಯುಟಿಲಿಟಿ ಶಿಫ್ಟಿಂಗ್ ಎಂಬ ಬಾಬ್ತು ಇರುತ್ತದೆ. ಇದೂ ಅಡ್ಡ ಬಂದಿದೆ, ಇದನ್ನೂ ಸರಿಸಬೇಕು, ಅದೇ ಬಾಬ್ತಿನಲ್ಲಿ ಕೊಡಿ ಎಂದು ಬರೆದೆ. "ಮೆಕ್ಕೆಜೋಳವು ಯುಟಿಲಿಟಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ" ಎಂದು ಒಂದು ಸಾಲಿನ ಉತ್ತರ. ಓದಿ ತಲೆ ಚಚ್ಚಿಕೊಳ್ಳುವಂತಾಯಿತು.

ಕೊನೆಗೆ ನಮ್ಮ ಇಲಾಖೆಯ ಹಂಗು ಬಿಟ್ಟು ಎರಡು ಪಂಚಾಯಿತಿಗಳ ಹಿಂದೆ ಬಿದ್ದೆವು. ಉದ್ಯೋಗ ಖಾತ್ರಿಯಲ್ಲಿ ಕಣಕ್ಕೆ ಅವಕಾಶವಿತ್ತು. ಗಿರಿಜಮ್ಮ ಡೇರಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಪಂಚಾಯಿತಿ ಬಾಗಿಲಲ್ಲಿ ಕೂತಳು, ಠರಾವು ಆಗುವವರೆಗೆ ಏಳಲಿಲ್ಲ. ಕಣ ಆಯಿತು. ಆದರೆ ರಸ್ತೆಯ ಮೇಲೆ ಯಾರ ಪಕ್ಕ ಯಾರಿದ್ದರೋ ಕಣದಲ್ಲೂ ಅದೇ ಸಾಲಿನಲ್ಲಿ ಇರಬೇಕಂತೆ! ಸೇತುವೆ ಕಟ್ಟಿದ ನಾನು ಟೇಪು ಹಿಡಿದು ಬಿಸಿಲಲ್ಲಿ ನಿಂತು, ಬಣ್ಣದ ಗೆರೆ ಎಳೆಸಿ, ದಾಯಾದಿಗಳ ಪಾಲು ಹಂಚಿದೆ. ಬಸವರಾಜಪ್ಪನವರು ತಮ್ಮ ಜಾಗ ಹೆಜ್ಜೆ ಹಾಕಿ ಅಳೆದು, "ಈಗ ಸರಿಯಾತು ನೋಡ್ರಿ" ಎಂದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮರುವರ್ಷದ ಸುಗ್ಗಿಗೆ ರಸ್ತೆ ಖಾಲಿ. ಗಣತಿ ಶುರುವಾಯಿತು. ಲಾರಿಗಳು ನಾಲೆ ಏರಿಯ ದಾರಿ ಬಿಟ್ಟು ನಮ್ಮ ಕ್ರಾಸಿಗೇ ಬರತೊಡಗಿದವು. ಮೊದಲ ಮೂರು ದಿನದ ಸಂಖ್ಯೆ ನೋಡಿ ಏಜೆನ್ಸಿಯ ಮೇಲ್ವಿಚಾರಕ, "ಹಿಂಗೇ ಹೋದ್ರೆ ಮಿತಿ ದಾಟೋದು ಗ್ಯಾರಂಟಿ ಮೇಡಂ" ಎಂದ. ಅವತ್ತು ಗೋವಿನಕೋವಿಯ ಕೆಲಸ ಮುಗಿಸಿ ಬರುವಾಗ ಕಚೇರಿಯವರಿಗೆಲ್ಲ ಮಂಡಕ್ಕಿ, ಮಿರ್ಚಿ ತರಿಸಿ ಕೊಟ್ಟೆ. ಅಷ್ಟು ಖುಷಿ.

ನಾಲ್ಕನೇ ದಿನ ಬೆಳಗಿನ ಹಾಲಿನ ಹೊತ್ತಿಗೆ ಸಾಲುಹುಣಸೆಯ ಹನುಮಕ್ಕ ಎಂಬ ವಯಸ್ಸಾದ ಹೆಂಗಸನ್ನು ಅಡಿಕೆ ಲಾರಿಯೊಂದು ಸವರಿಕೊಂಡು ಹೋಯಿತು. ಪುಣ್ಯ, ಜೀವ ಉಳಿಯಿತು. ಹಾಲಿನ ಕ್ಯಾನು ಚಕ್ರದಡಿ ಸಿಕ್ಕಿ ತಗಡಾಗಿತ್ತು, ಅವಳ ತೋಳು ಮುರಿದಿತ್ತು. ಸುದ್ದಿ ಕೇಳಿ ನಾನು ಹೊನ್ನಾಳಿ ಆಸ್ಪತ್ರೆಗೆ ಹೋಗಿ ನೋಡಿಕೊಂಡು, ಅಲ್ಲಿಂದ ಕ್ರಾಸಿಗೆ ಬಂದೆ.

ಬಂದು ನೋಡಿದರೆ ಡೇರಿಯ ಹೆಂಗಸರು ಕಣದಿಂದ ಜೋಳದ ಚೀಲ ಹೊತ್ತು ತಂದು ಹೆದ್ದಾರಿಯ ಮೇಲೆ ಸುರಿಯುತ್ತಿದ್ದರು. ಮನೆಮನೆಯ ಪಾಲಿನ ಜಾಗದಲ್ಲಲ್ಲ. ತಾವು ದಾಟುವ ಜಾಗದ ಎರಡೂ ಬದಿಗೆ, ಲಾರಿ ಬರುವ ದಿಕ್ಕಿಗೆ, ಉದ್ದಕ್ಕೆ. ಸುತ್ತ ದಪ್ಪ ಕಲ್ಲು ಇಟ್ಟಿದ್ದರು, ಕಾಣಲಿ ಎಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಅದನ್ನು ನೋಡಿ ಒಂದೆರಡು ಲಾರಿಗಳು ಆಗಲೇ ನಾಲೆ ಏರಿಗೆ ತಿರುಗುತ್ತಿದ್ದವು.

ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ರೀ ಗಿರಿಜಮ್ಮ, ನಿಮಗೆ ತಲೆ ಕೆಟ್ಟಿದೆಯಾ? ಇನ್ನು ಮೂರೇ ದಿನ! ಎರಡು ವರ್ಷದ ಕೆಲಸ ಮಣ್ಣುಪಾಲು ಮಾಡ್ತಿದ್ದೀರಲ್ಲ! ಎತ್ತಿ ಮೊದಲು!"

ಗಿರಿಜಮ್ಮ ಚೀಲ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿದಳು. "ಜೋಳ ಇದ್ದಾಗ ಬರೋ ಒಂದೆರಡು ಲಾರೀನೂ ನಿಧಾನಕ್ಕೆ ಬರ್ತಿದ್ವು ಮೇಡಂ. ಸುಗ್ಗಿ ತಿಂಗಳು ನಾವು ಹೆದರಿಕೆ ಇಲ್ದಂಗೆ ದಾಟ್ತಿದ್ವಿ. ಶಾಂತಮ್ಮ ಹೋಗಿದ್ದು ಬ್ಯಾಸಗೀಲಿ, ರಸ್ತೆ ಖಾಲಿ ಇದ್ದಾಗ. ನಾವು ಅದನ್ನ ಇವತ್ತು ಬೆಳಿಗ್ಗೆ ತಿಳ್ಕಂಡ್ವಿ."

"ಇನ್ನು ಮೂರು ದಿನ ತಡ್ಕೊಳ್ಳಿ. ಇಂಟರ್‌ಚೇಂಜ್ ಬಂದರೆ ನಿಮಗೇ ಅಲ್ವಾ?"

"ಮೂರು ದಿನ ಅಂದ್ರೆ ಹೋಗಿ ಬಂದು ಹನ್ನೆರಡು ಸಲ ದಾಟಬೇಕ್ರೀ. ಆಮೇಲೆ ಅದು ಕಟ್ಟೋವರೆಗೆ ಎಷ್ಟು ವರ್ಷ? ಅದು ಬಂದಾಗ ಅದರ ಕೆಳಗೆ ನಡೆಯಾಕೆ ನಾವು ಇರಬೇಕಲ್ರೀ ಮೇಡಂ."

ಮೇಲ್ವಿಚಾರಕ ನನ್ನ ಹತ್ತಿರ ಬಂದು, ಪೊಲೀಸರಿಗೆ ಫೋನ್ ಮಾಡಿದರೆ ಅರ್ಧ ಗಂಟೆಯಲ್ಲಿ ತೆರವಾಗುತ್ತದೆ ಎಂದ. ಸರಿಯೇ. ಆ ಅಧಿಕಾರ ನನಗಿತ್ತು. ಹೆದ್ದಾರಿಯ ಮೇಲೆ ಜೋಳ ಹಾಕುವುದು ತಪ್ಪು ಎಂದು ನೋಟಿಸು ಕೊಡುತ್ತಿದ್ದವಳೂ ನಾನೇ. ಅವನ ಕೈಯಲ್ಲಿದ್ದ ಎಣಿಕೆಯ ಹಾಳೆ ನೋಡಿದೆ. ಕಾರು, ಬಸ್ಸು, ಲಾರಿ, ಟ್ರ್ಯಾಕ್ಟರು, ಬೈಕು, ಸೈಕಲ್ಲು, ಎತ್ತಿನ ಗಾಡಿ. ಎಲ್ಲಕ್ಕೂ ಕಾಲಂ ಇತ್ತು. ನಡೆದು ದಾಟುವವರಿಗೆ ಇರಲಿಲ್ಲ. ಇಷ್ಟು ವರ್ಷ ಆ ಹಾಳೆ ನೋಡಿದ್ದೇನೆ, ಅದು ವಾಹನದ ಲೆಕ್ಕ, ಹಾಗೆಯೇ ಇರುತ್ತದೆ. ಆದರೆ ಅವತ್ತು ಅಲ್ಲಿ ನಿಂತಿದ್ದ ಹೆಂಗಸರಲ್ಲಿ ಒಬ್ಬಳೂ ಆ ಹಾಳೆಯಲ್ಲಿ ಇಲ್ಲ ಎಂಬುದು ಮೊದಲ ಸಲ ಕಣ್ಣಿಗೆ ಬಿತ್ತು. ಇಂಟರ್‌ಚೇಂಜ್ ಕೇಳಿದವರು ಇವರು, ಲೆಕ್ಕಕ್ಕೆ ಬಂದದ್ದು ಇವರ ಮೇಲೆ ಹಾಯುವ ಲಾರಿ.

"ಫೋನ್ ಬೇಡ. ಏನು ಬರುತ್ತೋ ಅದನ್ನ ಎಣಿಸಿ" ಎಂದೆ. ಧ್ವನಿಯಲ್ಲಿ ಸಿಟ್ಟು ಇಳಿದಿರಲಿಲ್ಲ. ಯಾರ ಮೇಲಿನ ಸಿಟ್ಟು ಎಂದು ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ಬೈಕಿನವರು ಜಾರಬಾರದು ಎಂದು ನಮ್ಮ ಉಗ್ರಾಣದಿಂದ ಖಾಲಿ ಡಾಂಬರು ಡ್ರಮ್ಮುಗಳನ್ನೂ ಹೊಳೆಯುವ ಪಟ್ಟಿಗಳನ್ನೂ ತರಿಸಿ ಜೋಳದ ಮುಂದೆ ನಿಲ್ಲಿಸಿದೆ. ಸಂಜೆ ಹೆಂಗಸರು ಕ್ಯಾನು ಹಿಡಿದು ದಾಟಿದರು. ಲಾರಿಯವನೊಬ್ಬ ಬ್ರೇಕು ಹಾಕಿ, ತಲೆ ಹೊರಗೆ ಹಾಕಿ, ಕೆಟ್ಟದಾಗಿ ಬೈದ. ಬೈಯಲಿ, ನಿಂತನಲ್ಲ.

ಆ ಸಲವೂ ಸಂಖ್ಯೆ ಮಿತಿ ಮುಟ್ಟಲಿಲ್ಲ. ಸ್ವಲ್ಪದರಲ್ಲಿ ತಪ್ಪಿತು, ಅದೇ ಹೆಚ್ಚು ಉರಿಸಿತು. ಪ್ರಸ್ತಾವನೆ ಕೈಬಿಡಲಾಗಿದೆ ಎಂದು ಪತ್ರ ಬಂತು. ಇಂಟರ್‌ಚೇಂಜ್ ಹೋಯಿತು ಅಂದಮೇಲೆ ಅಡ್ಡಿಯೂ ಹೋಯಿತಲ್ಲ ಎಂದು ಅದೇ ವಾರ ಪಾದಚಾರಿ ಅಂಡರ್‌ಪಾಸಿಗೆ ಹೊಸ ಪ್ರಸ್ತಾವನೆ ಕಳಿಸಿದೆ. ಆ ಸ್ಥಳದ ವಾಹನ ಗಣತಿಯ ವಿವರ ಲಗತ್ತಿಸಿ ಎಂದು ಅದು ವಾಪಸು ಬಂತು. ವಾಹನ ಅಲ್ಲಿ ನಡೆದು ದಾಟುವುದಿಲ್ಲ ಸ್ವಾಮಿ ಎಂದು ಬರೆದು ಕಳಿಸಿದೆ. ಉತ್ತರ ಬರುವುದರೊಳಗೆ ನನಗೆ ಹಾರ ಹಾಕಿ, ಶಾಲು ಹೊದಿಸಿ, ಮನೆಗೆ ಕಳಿಸಿದರು. ನನ್ನ ನಂತರ ಬಂದವರು ಅದೇ ಫೈಲಿನ ಹಿಂದೆ ಓಡಾಡುತ್ತಿದ್ದಾರೆ, ಒಳ್ಳೆಯ ಮನುಷ್ಯ. ಜೋಳ ಇಲ್ಲದ ತಿಂಗಳುಗಳಲ್ಲಿ ಆ ಡ್ರಮ್ಮುಗಳು ಅಲ್ಲೇ ನಿಂತಿರುತ್ತವೆ. ಅವುಗಳನ್ನು ತೆಗೆಯಿರಿ ಎಂದು ಯಾರಾದರೂ ಬಂದರೆ ಗಿರಿಜಮ್ಮ ಮಾತಾಡಿಕೊಳ್ಳುತ್ತಾಳಂತೆ.

ನೌಕರಿ ಕಲಿಸಿದ ಪಾಠ ಏನು ಎಂದು ಕಿರಿಯ ಇಂಜಿನಿಯರುಗಳು ಕೇಳುತ್ತಾರೆ. ನಾನು ದೊಡ್ಡ ಮಾತು ಆಡುವವಳಲ್ಲ. ನಾಳೆ ಬರುವ ಸೇತುವೆಗಾಗಿ ಇವತ್ತು ದಾಟುವವರನ್ನು ಪಣಕ್ಕಿಡುವ ಹಕ್ಕು ಯಾವ ಇಂಜಿನಿಯರಿಗೂ ಇಲ್ಲ, ಇಷ್ಟೇ. ಇದನ್ನು ಕಲಿಯಲು ನನಗೆ ಒಂದು ಇಂಟರ್‌ಚೇಂಜ್ ಖರ್ಚಾಯಿತು, ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಹನುಮಕ್ಕನ ತೋಳು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿದೆ. ಎರಡೂ ಹೊತ್ತು ಡೇರಿಗೆ ಹಾಲು ಹಾಕುತ್ತಾಳೆ, ದಾಟಿಕೊಂಡೇ ಹೋಗಿ.